ಗೂಟಕ್ಕೆ ಕಟ್ಟಿದ ಮುಧೋಳ ನಾಯಿ

ವಿಜಾಪುರ ಕಡೆಯ ಹೊನವಾಡ, ತಿಕೋಟಾ ಸೀಮೆಯ ದ್ರಾಕ್ಷಿ ತೋಟಗಳ ವಸ್ತಿಗೆ ಹೋದರೆ ಅಂಗಳದ ಗೂಟಕ್ಕೆ ಕಟ್ಟಿದ ನಾಯಿಯೊಂದು ಎದುರಾಗುತ್ತದೆ. ಉದ್ದನೆಯ ಮೂತಿ, ಎತ್ತರದ ಕಾಲು, ಬೆನ್ನಿಗೆ ಹತ್ತಿದಂಥ ಹೊಟ್ಟೆ. ಯಾವ ಜಾತಿ ಎಂದು ಕೇಳಿದರೆ, "ಮುಧೋಳದ್ರೀ, ಮಣೂಕದ (ಒಣದ್ರಾಕ್ಷಿಯ) ಶೆಡ್ಡಿಗೆ ಕಾವಲಿಗಂತ ತಂದೀವಿ" ಎನ್ನುತ್ತಾರೆ. ಆ ಮಾತಿನಲ್ಲಿ ಹೆಮ್ಮೆ ಇರುತ್ತದೆ. ಹೆಮ್ಮೆ ಪಡುವಂಥ ನಾಯಿಯೇ ಅದು. ನನ್ನ ತಕರಾರು ಇರುವುದು ಆ ಗೂಟದ ಮೇಲೆ.

ಈ ನಾಯಿಯ ಕತೆಯನ್ನು ಸಾಮಾನ್ಯವಾಗಿ ಅರಮನೆಯಿಂದ ಶುರು ಮಾಡುತ್ತಾರೆ. ಮುಧೋಳದ ಘೋರ್ಪಡೆ ಮನೆತನದವರು ವಿಜಾಪುರದ ಆದಿಲಶಾಹಿಗೆ ಸರದಾರರಾಗಿದ್ದವರು. ಅದೇ ಮನೆತನದ ಮಾಲೋಜಿರಾವ್ ಘೋರ್ಪಡೆ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಈ ತಳಿಯನ್ನು ಜತನದಿಂದ ಬೆಳೆಸಿ, ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಒಂದು ಜೋಡಿ ಉಡುಗೊರೆ ಕೊಟ್ಟರು. ಮುಧೋಳದ ಹೆಸರು ಅಂಟಿದ್ದು ಹಾಗೆ. ಪಶ್ಚಿಮ ಏಷ್ಯಾದ ಸಲೂಕಿ, ತಾಜಿ ನಾಯಿಗಳ ಬಳಗಕ್ಕೆ ಇದನ್ನು ಸೇರಿಸುತ್ತಾರೆ. ವರ್ತಕರ ತಾಂಡಾಗಳ ಜೊತೆ ದಖ್ಖನ್ನಿಗೆ ಬಂತೆಂಬ ಮಾತಿದೆ. ಕರವಾನಿ ಎಂಬ ಇನ್ನೊಂದು ಹೆಸರನ್ನು ಆ ನಂಟಿನಿಂದಲೇ ವಿವರಿಸುತ್ತಾರೆ. ಆದರೆ ಅರಮನೆ ಕೊಟ್ಟದ್ದು ಹೆಸರು ಮಾತ್ರ. ಬೇಟೆಯಾಡುವ ಬೇಡರು, ಕುರಿ ಮೇಯಿಸುವವರು, ಹೊಲದ ರೈತರು ತಮ್ಮ ಜೋಳದ ರೊಟ್ಟಿಯಲ್ಲಿ ಪಾಲು ಕೊಟ್ಟು ಇದನ್ನು ಸಾಕಿರದಿದ್ದರೆ ಅರಸರ ಕಣ್ಣಿಗೆ ಬೀಳಲು ನಾಯಿಯೇ ಇರುತ್ತಿರಲಿಲ್ಲ. ಆ ಸಾಲ ಇನ್ನೂ ತೀರಿಲ್ಲ.

ಮುಧೋಳ ನಾಯಿ ಮೂಗಿಗಿಂತ ಕಣ್ಣನ್ನು ನಂಬುತ್ತದೆ. ಬಯಲಿನಲ್ಲಿ ಮೊಲ ಜಿಗಿದರೆ ಅದನ್ನು ನೋಟದಲ್ಲೇ ಹಿಡಿದು ಬೆನ್ನಟ್ಟುತ್ತದೆ. ಆಳವಾದ ಎದೆ, ಬಳುಕುವ ಬೆನ್ನು, ನೀಳ ಕಾಲು ಎಲ್ಲವೂ ಆ ಓಟಕ್ಕಾಗಿಯೇ. ಪೂರ್ತಿ ವೇಗದಲ್ಲಿ ಒಂದು ದಾಪಿನೊಳಗೆ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಸ್ವಭಾವ ಗಂಭೀರ. ಮನೆಯವರಿಗೆ ಅಂಟಿಕೊಳ್ಳುತ್ತದೆ, ಹೊರಗಿನವರ ಕೈ ಮೈಮೇಲೆ ಬಿದ್ದರೆ ಸಹಿಸುವುದಿಲ್ಲ. ಕುರಿ ಹಿಂಡಿನ ಜೊತೆ ಇದು ಕಾವಲು ಕಾದದ್ದು ನಿಜ. ಆದರೆ ಅಲ್ಲಿ ಕೊರಳಿಗೆ ಸರಪಳಿ ಇರಲಿಲ್ಲ. ರಾತ್ರಿಯಿಡೀ ದಡ್ಡಿಯ ಸುತ್ತ ತಿರುಗಿ, ತೋಳದ ನೆರಳು ಕಂಡರೆ ಓಡಿಸುತ್ತಿತ್ತು. ಆ ಕಾವಲೆಲ್ಲ ಕಣ್ಣು ಮತ್ತು ಕಾಲಿನದು. ಕಟ್ಟಿಹಾಕಿದ ದಿನ ಅವೆರಡೂ ಹೋಗಿ ಬೊಗಳಿಕೆಯೊಂದೇ ಉಳಿಯಿತು. ಬೊಗಳುವುದಕ್ಕೆ ಊರ ಬೀದಿನಾಯಿ ಸಾಕು. ಕಟ್ಟಿ ಬೆಳೆಸಿದ ಮುಧೋಳ ಅಂಜುಬುರುಕವಾಗುತ್ತದೆ, ಅಂಜಿಕೆಯಿಂದಲೇ ಕಚ್ಚುತ್ತದೆ. ಒಮ್ಮೆ ಬಿಟ್ಟಾಗ ಕುರಿಮರಿಯನ್ನೋ ಸೈಕಲ್ ತುಳಿಯುವ ಹುಡುಗನನ್ನೋ ಬೆನ್ನಟ್ಟುತ್ತದೆ. ಆಗ ತಪ್ಪನ್ನು ನಾಯಿಯ ತಲೆಗೆ ಕಟ್ಟುವುದು ಅನ್ಯಾಯ.

ಭಾರೀ ಕಾವಲು ನಾಯಿ ಬೇಕೆನ್ನುವವರು ಈಗ ಪರದೇಶದ ತಳಿಗಳತ್ತ ನೋಡುತ್ತಿದ್ದಾರೆ. ತುರ್ಕಿಯ ಕಂಗಾಲ್, ಕಾಕೇಶಿಯನ್ ಶೆಫರ್ಡ್, ರಾಟ್‌ವೈಲರ್ ಸೇರಿದಂತೆ 23 ತಳಿಗಳನ್ನು ಕೇಂದ್ರ ಸರ್ಕಾರ 2024ರ ಮಾರ್ಚಿನಲ್ಲಿ ಅಪಾಯಕಾರಿ ಎಂದು ಪಟ್ಟಿ ಮಾಡಿ, ನಿಷೇಧಿಸುವಂತೆ ಸುತ್ತೋಲೆ ಹೊರಡಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದುಮಾಡಿತು. ತಳಿಯ ಹೆಸರು ನೋಡಿ ನಿಷೇಧಿಸುವುದು ನನಗೂ ಸರಿಕಾಣುವುದಿಲ್ಲ. ಆದರೂ ಹಿಮದ ಮೇಲೆ ಮಲಗಲೆಂದು ಹುಟ್ಟಿದ ದಟ್ಟ ಕೂದಲಿನ ನಾಯಿಯನ್ನು 40 ಡಿಗ್ರಿ ದಾಟುವ ನಮ್ಮ ಬೇಸಿಗೆಗೆ ತಂದು ತಗಡಿನ ಶೆಡ್ಡಿನ ಕೆಳಗೆ ಕಟ್ಟುವುದು ಹಿಂಸೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕಿ ತೇಕಿಯೇ ತಂಪಾಗಬೇಕು.

ಆರೈಕೆಯ ವಿಷಯದಲ್ಲಿ ಮುಧೋಳ ಕೇಳುವುದು ಬಹಳ ಕಡಿಮೆ, ನಾವು ತಪ್ಪುವುದೂ ಅಲ್ಲೇ. ಮೈಗೆ ಅಂಟಿದ ಗಿಡ್ಡ ಕೂದಲು. ವಾರಕ್ಕೆರಡು ಸಲ ಒರಟು ಬಟ್ಟೆಯಿಂದ ತಿಕ್ಕಿದರೆ ಹೊಳೆಯುತ್ತದೆ. ವಾರವಾರ ಶಾಂಪೂ ಹಚ್ಚಿ ತೊಳೆದರೆ ಚರ್ಮದ ಜಿಡ್ಡು ಹೋಗಿ ಹೊಟ್ಟು ಏಳುತ್ತದೆ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಹುಡುಕಲೇಬೇಕು, ಉಣ್ಣಿಜ್ವರ ಎಷ್ಟೋ ಒಳ್ಳೆಯ ನಾಯಿಗಳನ್ನು ನುಂಗಿದೆ. ಮೈಯಲ್ಲಿ ಕೊಬ್ಬಿಲ್ಲದ ಕಾರಣ ಬರಿಯ ಕಲ್ಲುಹಾಸಿನ ಮೇಲೆ ಮಲಗಿದರೆ ಮೊಣಕೈ ಗಡ್ಡೆಗಟ್ಟುತ್ತದೆ, ಡಿಸೆಂಬರಿನ ಥಂಡಿಗೆ ನಡುಗುತ್ತದೆ. ಒಂದು ಹಳೆಯ ಕೌದಿ ಹಾಸಿದರೆ ಸಾಕು. ಹೊಟ್ಟೆ ಒಳಗೆ ಹೋಗಿರಬೇಕೆಂದು ಅರೆಹೊಟ್ಟೆ ಇಡುವವರಿದ್ದಾರೆ. ಆ ಹೊಟ್ಟೆ ಹುಟ್ಟಿನಿಂದ ಬಂದದ್ದು, ಉಪವಾಸದಿಂದ ಬಂದದ್ದಲ್ಲ. ರೊಟ್ಟಿ, ಮಜ್ಜಿಗೆಯ ಜೊತೆ ತತ್ತಿಯೋ ಮಾಂಸವೋ ಬೀಳಲೇಬೇಕು.

2005ರಲ್ಲಿ ಈ ನಾಯಿ ಅಂಚೆಚೀಟಿಯ ಮೇಲೆ ಬಂತು. 2016ರಲ್ಲಿ ಮರಿಗಳು ಸೇನೆಯ ತರಬೇತಿಗೆಂದು ಮೀರತ್‌ಗೆ ಹೋದವು. ಮುಧೋಳದ ಬಳಿ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಕೀರ್ತಿ ಬೆಳೆದಷ್ಟು ಮರಿಯ ಬೆಲೆಯೂ ಏರಿತು, ಬೆಲೆ ಏರಿದಂತೆ ಕಳುವಾದೀತೆಂಬ ಭಯವೂ. ಎಷ್ಟೋ ವಸ್ತಿಗಳಲ್ಲಿ ನಾಯಿಯನ್ನು ಕಟ್ಟಿಡಲು ಹೇಳುವ ಕಾರಣ ಇದೇ. ಶೆಡ್ಡು ಕಾಯಲು ತಂದ ನಾಯಿಯನ್ನೇ ಈಗ ಮನೆಯವರು ಕಾಯುತ್ತಿದ್ದಾರೆ.

ತೋಟಕ್ಕೆ ತಂತಿಬೇಲಿ ಹಾಕಿಸುವ ಶಕ್ತಿ ಈ ಸೀಮೆಯ ಅನೇಕ ರೈತರಿಗಿದೆ. ಬೇಲಿಯೊಳಗೆ ಬೆಳಿಗ್ಗೆ ಸಂಜೆ ಒಂದೊಂದು ತಾಸು ಬಿಟ್ಟು ನೋಡಲಿ. ಕಟ್ಟು ಬಿಚ್ಚಿದ ಮುಧೋಳ ಮೊದಲು ಹುಚ್ಚೆದ್ದು ನಾಲ್ಕು ಸುತ್ತು ಓಡುತ್ತದೆ. ಆಮೇಲೆ ತೋಟದ ಎತ್ತರದ ಬದು ಹುಡುಕಿ, ಅದರ ಮೇಲೆ ನಿಂತು, ಸದ್ದಿಲ್ಲದೆ ದೂರದ ದಾರಿ ನೋಡುತ್ತದೆ.