ಮೂರು ನಾಗರಹಾವುಗಳಲ್ಲಿ ನಿಮ್ಮದು ಯಾವುದು?

ನೋಡಿದ ಸಿನಿಮಾಗಳ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಇಟ್ಟುಕೊಳ್ಳುವ ಹವ್ಯಾಸಿಗಳಲ್ಲಿ ಪೈಥಾನ್ ಬಲ್ಲವರು ಸಾಮಾನ್ಯವಾಗಿ ‘ಸಿನೆಮಾಗೋಯರ್’ ಲೈಬ್ರರಿಯ ಮೊರೆಹೋಗುತ್ತಾರೆ. ಮೊದಲು ‘ಐಎಂಡಿಬಿಪೈ’ ಎನ್ನುತ್ತಿದ್ದದ್ದು ಇದನ್ನೇ. ಚಿತ್ರದ ಹೆಸರು ಕೊಟ್ಟರೆ ಐಎಂಡಿಬಿ ಎಂಬ ಸಿನಿಮಾ ಮಾಹಿತಿ ತಾಣದಲ್ಲಿ ಹುಡುಕಿ ಒಂದಷ್ಟು ಫಲಿತಾಂಶ ತಂದು ಮುಂದಿಡುತ್ತದೆ. ಅದರಲ್ಲಿ ಮೊದಲನೆಯದನ್ನು ಕಣ್ಣುಮುಚ್ಚಿ ಎತ್ತಿಕೊಂಡರೆ ಪಟ್ಟಿ ಕೆಟ್ಟಿತೆಂದೇ ಲೆಕ್ಕ.

‘ನಾಗರಹಾವು’ ಎಂದು ಹುಡುಕುತ್ತೀರಿ ಅಂದುಕೊಳ್ಳಿ. 1972ರದ್ದು ಪುಟ್ಟಣ್ಣ ಕಣಗಾಲರದು. 2002ರದ್ದು ಉಪೇಂದ್ರ ನಟಿಸಿದ್ದು, ಹಿಂದಿಯ ‘ಬಾಜಿಗರ್’ ಚಿತ್ರದ ರಿಮೇಕ್. 2016ರದ್ದು ಕೋಡಿ ರಾಮಕೃಷ್ಣ ನಿರ್ದೇಶಿಸಿದ್ದು. 2009ರಲ್ಲಿ ತೀರಿಕೊಂಡ ವಿಷ್ಣುವರ್ಧನ್ ಅವರನ್ನು ಗ್ರಾಫಿಕ್ಸ್ ಮೂಲಕ ಮತ್ತೆ ತೆರೆಗೆ ತಂದ ಚಿತ್ರ. ಹೀಗಾಗಿ ನಟನ ಹೆಸರು ನೋಡಿ ಬೇರ್ಪಡಿಸೋಣ ಎಂದರೂ ವಿಷ್ಣು 1972ರದ್ದರಲ್ಲೂ 2016ರದ್ದರಲ್ಲೂ ಸಿಗುತ್ತಾರೆ! ಇಲ್ಲಿ ಕೈಹಿಡಿಯುವುದು ಇಸವಿ ಮತ್ತು ನಿರ್ದೇಶಕರು.

ಹುಡುಕಾಟದಲ್ಲಿ ಬರುವ ಪ್ರತಿ ಫಲಿತಾಂಶದಲ್ಲೂ ಇರುವುದು ಅಲ್ಪಸ್ವಲ್ಪ ಮಾಹಿತಿ: ಹೆಸರು, ಇಸವಿ, ಅದು ಸಿನಿಮಾವೋ ಧಾರಾವಾಹಿಯೋ ಎಂಬ ಬಗೆ, ಗುರುತಿನ ಸಂಖ್ಯೆ. ನಿರ್ದೇಶಕರು ಬೇಕೆಂದರೆ ‘ಅಪ್‌ಡೇಟ್’ ಮಾಡಿ ಪೂರ್ತಿ ವಿವರ ತರಿಸಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಆದ್ದರಿಂದ ಮೊದಲು ಬಗೆ ನೋಡಿ ಧಾರಾವಾಹಿ, ಕಂತು, ವಿಡಿಯೊ ಗೇಮ್‌ಗಳನ್ನು ಕಿತ್ತುಹಾಕಿ. ಆಮೇಲೆ ಇಸವಿಯ ಜರಡಿ. ಕೊನೆಗೆ ಉಳಿದ ಎರಡು ಮೂರಕ್ಕೆ ಮಾತ್ರ ಪೂರ್ತಿ ವಿವರ ತರಿಸಿ ನಿರ್ದೇಶಕರನ್ನು ತಾಳೆ ನೋಡಿ.

ಇಸವಿಯಲ್ಲಿ ಒಂದು ವರ್ಷ ಹಿಂದುಮುಂದಾದರೂ ಒಪ್ಪಿಕೊಳ್ಳಿ. ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ನಮ್ಮ ಚಿತ್ರಮಂದಿರಗಳಿಗೆ ಬಂದದ್ದು 2016ರಲ್ಲಿ. ಇಲ್ಲಿ ಟಿಕೆಟ್ ಕೊಂಡು ನೋಡಿದವರು 2016 ಎಂದೇ ಬರೆದಿಟ್ಟಿರುತ್ತಾರೆ. ಜರಡಿಯ ಕಣ್ಣು ತೀರಾ ಸಣ್ಣದಾದರೆ ಸರಿಯಾದ ಚಿತ್ರವೇ ಹೊರಗುಳಿಯುತ್ತದೆ.

ಇನ್ನು ಕಾಗುಣಿತ. ‘ನಾಗರಹಾವು’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ‘ನಾ’ಗೆ ಒಂದು ‘ಎ’ ಹಾಕುವವರುಂಟು, ಎರಡು ಹಾಕುವವರೂ ಉಂಟು. ಎರಡೂ ರೂಪದಲ್ಲಿ ಹುಡುಕಿಸಿ, ಬಂದದ್ದನ್ನೆಲ್ಲ ಗುರುತಿನ ಸಂಖ್ಯೆಯ ಪ್ರಕಾರ ಒಂದೇ ಪಟ್ಟಿಗೆ ಸೇರಿಸುವುದು ವಾಸಿ. ಹೋಲಿಸುವಾಗ ಜೋಡಿ ಸ್ವರಗಳನ್ನು ಎರಡೂ ಕಡೆ ಒಂಟಿ ಮಾಡಿಕೊಂಡು, ಪೈಥಾನಿನಲ್ಲೇ ಇರುವ ‘ಡಿಫ್‌ಲಿಬ್’ನಿಂದ ಸಾಮ್ಯ ಅಳೆಯಬಹುದು. ಉಪೇಂದ್ರ ನಿರ್ದೇಶಿಸಿದ ‘ಎ’ (1998) ಥರದ ಒಂದಕ್ಷರದ ಹೆಸರಿಗೆ ಮಾತ್ರ ಈ ಅಳತೆಯಿಂದ ಏನೂ ಉಪಯೋಗವಿಲ್ಲ.

ನಿಮ್ಮ ಪಟ್ಟಿ ಕನ್ನಡ ಲಿಪಿಯಲ್ಲಿದ್ದರೆ ಕಣ್ಣಿಗೆ ಕಾಣದ ತೊಡಕೊಂದಿದೆ. ‘ಒಂದು ಮೊಟ್ಟೆಯ ಕಥೆ’ಯ ‘ಮೊ’ ಅಕ್ಷರವನ್ನೇ ನೋಡಿ. ಅದರ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು; ಎಕಾರದ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹೋಲಿಕೆಗೆ ಮುಂಚೆ ಎರಡನ್ನೂ ‘ಎನ್‌ಎಫ್‌ಸಿ’ ಎಂಬ ಪ್ರಮಾಣಿತ ರೂಪಕ್ಕೆ ತಂದರೆ ಈ ತಕರಾರು ಮುಗಿಯಿತು.

ಇಷ್ಟಾದ ಮೇಲೂ ಎರಡು ಚಿತ್ರ ಉಳಿದರೆ ಪ್ರೋಗ್ರಾಂ ತಾನಾಗಿ ಒಂದನ್ನು ಆರಿಸಬಾರದು; ಎರಡರ ಇಸವಿಯನ್ನೂ ನಿರ್ದೇಶಕರನ್ನೂ ತೋರಿಸಿ ನಿಮ್ಮನ್ನೇ ಕೇಳಬೇಕು. ನೀವು ಆರಿಸಿದೊಡನೆ ‘ಟಿಟಿ’ಯಿಂದ ಶುರುವಾಗುವ ಐಎಂಡಿಬಿ ಸಂಖ್ಯೆಯನ್ನು ಪಟ್ಟಿಯಲ್ಲಿ ಬರೆದಿಡಲಿ. ಪೋಸ್ಟರ್ ಬೇಕೆಂದು ನಾಳೆ ಟಿಎಂಡಿಬಿ ಎಂಬ ಇನ್ನೊಂದು ಸಿನಿಮಾ ತಾಣಕ್ಕೆ ಹೋದರೆ ಅಲ್ಲೂ ಇದೇ ಸಂಖ್ಯೆ ಕೊಟ್ಟು ಚಿತ್ರವನ್ನು ಹುಡುಕಬಹುದು.