ಶಾಸನಪಾಠವೂ ಯಂತ್ರಾನುಮಾನವೂ: ಸಾವನದುರ್ಗದ ಹೆಸರನ್ನು ನಿಮಿತ್ತವಾಗಿಟ್ಟುಕೊಂಡು ಒಂದು ವಿಮರ್ಶೆ

ಮಾಗಡಿ ತಾಲ್ಲೂಕಿನ ಸಾವನದುರ್ಗವು ಕರಿಗುಡ್ಡ ಬಿಳಿಗುಡ್ಡಗಳೆಂಬ ಎರಡು ಶಿಖರಗಳಿಂದ ಕೂಡಿ, ೧೨೨೬ ಮೀಟರು ಎತ್ತರಕ್ಕೆ ನಿಂತಿರುವ ಹೆಬ್ಬಂಡೆಯೆಂಬುದೂ, ೧೭೯೧ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆಯು ಅದನ್ನು ಟಿಪ್ಪುಸುಲ್ತಾನನ ದಂಡಿನಿಂದ ಕಿತ್ತುಕೊಂಡಿತೆಂಬುದೂ ವಾಚಕರಿಗೆ ವಿದಿತವೇ ಆಗಿವೆ. ಆದರೆ ಆ ಬೆಟ್ಟದ ಹೆಸರಿನ ನಿಷ್ಪತ್ತಿಯು ಇಂದಿಗೂ ವಿವಾದಾಸ್ಪದವಾಗಿಯೇ ಉಳಿದಿದೆ. ಆ ವಿವಾದವನ್ನು ತೀರಿಸುವುದು ಈ ಲೇಖನದ ಮುಖ್ಯೋದ್ದೇಶವಲ್ಲ. ಈಚೆಗೆ ಗಣಕಯಂತ್ರಗಳಿಂದ ಶಾಸನಗಳನ್ನು ಓದಿಸುವ, ಅಷ್ಟೇ ಅಲ್ಲದೆ ಅಳಿದುಹೋದ ಅಕ್ಷರಗಳನ್ನು ಅವುಗಳಿಂದಲೇ ತುಂಬಿಸುವ ಸಂಶೋಧನೆಗಳು ವಿದ್ವತ್ಪ್ರಪಂಚದಲ್ಲಿ ಬಹು ಮನ್ನಣೆಯನ್ನು ಪಡೆಯುತ್ತಿವೆ. ಅವುಗಳ ಬಲಾಬಲಗಳನ್ನು ತೂಗಿನೋಡುವುದಕ್ಕೆ ಈ ಹೆಸರು ಒಳ್ಳೆಯ ಒರೆಗಲ್ಲಾಗಿದೆಯೆಂದು ನಮಗೆ ತೋರಿದುದರಿಂದ ಇದನ್ನು ಕೈಗೆತ್ತಿಕೊಂಡಿದ್ದೇವೆ.

ಮೊದಲು ಹೆಸರಿನ ವಿಚಾರ. ‘ಸಾವಿನ ದುರ್ಗ’ವೇ ಸಾವನದುರ್ಗವಾಯಿತೆಂದು ಜನರು ಹೇಳುವುದುಂಟು, ಮೃತ್ಯುವಿನ ಕೋಟೆಯೆಂದು ಆಂಗ್ಲ ಲೇಖಕರೂ ಬರೆದರು. ಇದು ವ್ಯಾಕರಣಕ್ಕೆ ಒಗ್ಗದು. ‘ಸಾವು’ ಶಬ್ದದ ಷಷ್ಠೀರೂಪವು ‘ಸಾವಿನ’ ಎಂದಾಗಬೇಕೇ ಹೊರತು ‘ಸಾವನ’ ಎಂದಾಗುವುದಿಲ್ಲ. ಎರಡನೆಯ ಪಕ್ಷವು, ವಿಜಯನಗರದ ಅಚ್ಯುತರಾಯನ ಕೈಕೆಳಗೆ ಮಾಗಡಿಯನ್ನಾಳಿದ ಸಾಮಂತರಾಯನಿಂದ ‘ಸಾಮಂತದುರ್ಗ’ವೆಂಬ ಹೆಸರು ಬಂದು, ಅದೇ ಸವೆದು ಸಾವನದುರ್ಗವಾಯಿತೆಂಬುದು. ಅಚ್ಯುತರಾಯನು ಆಳಿದುದು ೧೫೨೯ರಿಂದ ೧೫೪೨ರವರೆಗೆ. ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ, ಎಂದರೆ ೧೩೪೦ರ, ಮಾಡಬಾಳಿನ ಶಾಸನದಲ್ಲಿಯೇ ಈ ಬೆಟ್ಟಕ್ಕೆ ‘ಸಾವಂದಿ’ ಎಂಬ ಹೆಸರು ಕಾಣಬರುತ್ತದೆ. ಇನ್ನೂರು ವರ್ಷ ಮುಂದೆ ಬಂದ ಅಧಿಕಾರಿಯಿಂದ ಇನ್ನೂರು ವರ್ಷ ಹಿಂದಿನ ಹೆಸರು ಹುಟ್ಟುವುದೆಂತು? ಬೆಟ್ಟದ ಬುಡದಲ್ಲಿರುವ ವೀರಭದ್ರನನ್ನು ಜನರು ಇಂದಿಗೂ ಸಾವಂದಿ ವೀರಭದ್ರಸ್ವಾಮಿಯೆಂದೇ ಕರೆಯುವರೆಂಬುದನ್ನೂ ಇಲ್ಲಿ ನೆನೆಯಬೇಕು. ವ್ಯಕ್ತಿಯ ಹೆಸರನ್ನು ಬಿಟ್ಟು ‘ಸಾಮಂತ’ವೆಂಬ ಸಾಮಾನ್ಯಶಬ್ದವೇ ಮೂಲವೆನ್ನೋಣವೆಂದರೆ, ‘ಕುಮಾರ’ವು ‘ಕುವರ’ವಾದಂತೆ ‘ಸಾಮಂತ’ವು ‘ಸಾವಂತ’ವಾಗುವುದು ತದ್ಭವಕ್ರಮಕ್ಕೆ ಸಮ್ಮತವೇ ಹೌದು, ಆದರೆ ತಕಾರವು ದಕಾರವಾದುದಕ್ಕೂ ಕೊನೆಯ ಇಕಾರಕ್ಕೂ ಸಮಾಧಾನ ಹೇಳುವ ಭಾರ ಉಳಿಯುತ್ತದೆ. ಹೀಗೆ ಇಡಿಯ ವಿಚಾರವು ಒಂದು ಶಾಸನದ ಒಂದು ಪದದ ಮೇಲೆ, ಆ ಪದದ ಎರಡು ಅಕ್ಷರಗಳ ಮೇಲೆ ನಿಂತಿದೆ.

ಈಗ ಯಂತ್ರದ ವಿಚಾರಕ್ಕೆ ಬರೋಣ. ಯಂತ್ರವು ಮಾಡುವ ಕೆಲಸಗಳು ಒಂದೇ ಜಾತಿಯವಲ್ಲ. ಅವನ್ನು ವಿಂಗಡಿಸದೆ ಹೊಗಳುವವರೂ ತೆಗಳುವವರೂ ಸಮಾನವಾಗಿ ತಪ್ಪುವರು.

ಒಂದನೆಯದು, ಕಣ್ಣಿಗೆ ನೆರವಾಗುವ ಕೆಲಸ. ೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು ೨೦೨೧ರಲ್ಲಿ ಆರಂಭಿಸಿದ ಕಾರ್ಯದಲ್ಲಿ, ಬೆಂಗಳೂರು ಮತ್ತು ರಾಮನಗರ ಸೀಮೆಗಳ ಶಿಲಾಶಾಸನಗಳನ್ನು ಮೂರು ಆಯಾಮಗಳ ಸ್ಕ್ಯಾನರಿನಿಂದ ಸೆರೆಹಿಡಿಯಲಾಗುತ್ತಿದೆ. ಹಿಂದೆ ರೈಸ್ ಸಾಹೇಬರು ೧೯೦೫ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ ಪ್ರಕಟಿಸಿದ ಮಾಗಡಿ, ಚನ್ನಪಟ್ಟಣ, ಕನಕಪುರಗಳ ಶಾಸನಗಳೂ ಇದೇ ಸೀಮೆಗೆ ಸೇರಿದವು. ಕಲ್ಲಿನ ತಗ್ಗುದಿಣ್ಣೆಗಳನ್ನು ಅಳೆದು, ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಿ ನೋಡುವಂತೆ ಮಾಡುವ ಈ ಉಪಾಯದಲ್ಲಿ ಯಂತ್ರವು ತಾನಾಗಿ ಏನನ್ನೂ ಸೇರಿಸುವುದಿಲ್ಲ. ಇದು ಪ್ರತ್ಯಕ್ಷಕ್ಕೆ ಸಹಕಾರಿಯಾದುದು, ಕನ್ನಡಕವು ಕಣ್ಣಿಗೆ ಸಹಕಾರಿಯಾದಂತೆ. ಇದನ್ನು ನಾವು ನಿಸ್ಸಂಕೋಚವಾಗಿ ಅಭಿನಂದಿಸುತ್ತೇವೆ.

ಎರಡನೆಯದು, ಅಕ್ಷರವನ್ನು ಗುರುತಿಸುವ ಕೆಲಸ. ಇಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಚ್. ಆರ್. ಶಿವಕುಮಾರ್ ಮತ್ತು ಎ. ಜಿ. ರಾಮಕೃಷ್ಣನ್ ಅವರು ರಚಿಸಿದ ‘ಲಿಪಿಜ್ಞಾನಿ’ಯನ್ನು ಹೆಸರಿಸಬೇಕು. ೧೯೭೦ರಿಂದ ೨೦೦೨ರವರೆಗೆ ಅಚ್ಚಾದ ಮೂವತ್ತೈದಕ್ಕೂ ಹೆಚ್ಚು ಪುಸ್ತಕಗಳ ಪುಟಗಳನ್ನು ಆಧಾರವಾಗಿಟ್ಟುಕೊಂಡು, ಹಳಗನ್ನಡವನ್ನೂ ಕನ್ನಡ ಲಿಪಿಯ ಸಂಸ್ಕೃತ ಶ್ಲೋಕಗಳನ್ನೂ ಒಳಗೊಂಡಂತೆ ಅದನ್ನು ಸಿದ್ಧಪಡಿಸಿರುವರು. ಅದರಲ್ಲಿ ನಮ್ಮ ಮೆಚ್ಚಿಕೆಗೆ ಪಾತ್ರವಾದ ಗುಣ ಒಂದುಂಟು: ಓದಬೇಕಾದ ಪದವು ಮೊದಲೇ ಕೋಶದಲ್ಲಿರಬೇಕೆಂಬ ಕಟ್ಟನ್ನು ಅದಕ್ಕೆ ಹಾಕಿಲ್ಲ. ಕಂಡ ಅಕ್ಷರವನ್ನು ಕಂಡಂತೆ ಹೇಳುವುದು ಅದರ ವ್ರತ. ಒಳ್ಳೆಯ ಲಿಪಿಕಾರನ ವ್ರತವೂ ಇದೇ. ಆದರೆ ಅದು ಕಲಿತುದು ಅಚ್ಚಿನ ಪುಟಗಳಿಂದ. ಕಲ್ಲಿನ ಬರಹಕ್ಕೆ ಅದೇ ಪ್ರಾಮಾಣ್ಯವನ್ನು ಒಯ್ಯಲಾಗದು.

ಏಕೆಂದರೆ ಯಂತ್ರದ ಜ್ಞಾನವೆಲ್ಲ ಭೂಯೋದರ್ಶನದಿಂದ ಹುಟ್ಟಿದ್ದು. ನೈಯಾಯಿಕರು ಹೇಳುವಂತೆ, ಎಷ್ಟು ಕಡೆ ಸಾಹಚರ್ಯವನ್ನು ಕಂಡರೂ ನಡುವೆ ಉಪಾಧಿಯೊಂದು ಅಡಗಿದ್ದರೆ ವ್ಯಾಪ್ತಿಯು ಕೆಡುವುದು. ಬೆಂಕಿಯಿಂದ ಹೊಗೆಯನ್ನು ಊಹಿಸುವಲ್ಲಿ ಹಸಿಯ ಸೌದೆಯಂತೆ. ಇದಕ್ಕೆ ಕನ್ನಡದಲ್ಲಿಯೇ ನಿದರ್ಶನವಿದೆ. ವಿನಯ್ ಉದಯ ಪ್ರಭು ಅವರು ೨೦೧೯ರಲ್ಲಿ ಪ್ರಕಟಿಸಿದ ಕನ್ನಡ ಅಂಕೆಗಳ ಸಂಗ್ರಹಕ್ಕಾಗಿ ಬೆಂಗಳೂರಿನಲ್ಲಿ ೬೫ ಜನ ಕನ್ನಡಿಗರು ತಲೆಗೆ ೧೨೮೦ರಂತೆ ಅಂಕೆಗಳನ್ನು ಬರೆದುಕೊಟ್ಟರು. ಅದರಿಂದ ಕಲಿತ ಯಂತ್ರವು ಅಂಥವೇ ಬರಹಗಳನ್ನು ಚೆನ್ನಾಗಿ ಓದಿತು. ಅಮೆರಿಕದಲ್ಲಿ ಕನ್ನಡ ಮಾತೃಭಾಷೆಯಲ್ಲದ ಎಂಟು ಜನರು ಬರೆದ ಅವೇ ಹತ್ತು ಅಂಕೆಗಳನ್ನು ಮುಂದಿಟ್ಟಾಗ ಅದರ ನೈಪುಣ್ಯವು ಗಣನೀಯವಾಗಿ ಇಳಿಯಿತು. ಬರೆದ ಕೈಯೇ ಇಲ್ಲಿ ಉಪಾಧಿ. ಕೈ ಬದಲಾದರೇ ಹೀಗಾಗುವಾಗ, ಕಾಲವೂ ಉಪಕರಣವೂ ಬದಲಾದ ೧೩೪೦ರ ಕಲ್ಲಿನ ಮುಂದೆ ಎಷ್ಟು ಎಚ್ಚರ ಬೇಕೆಂಬುದು ಊಹ್ಯವಾಗಿದೆ.

ಮೂರನೆಯದು, ಲುಪ್ತಾಕ್ಷರವನ್ನು ತುಂಬುವ ಕೆಲಸ. ಇದರಲ್ಲಿ ಪ್ರಸಿದ್ಧವಾದುದು ಡೀಪ್‌ಮೈಂಡ್ ಸಂಸ್ಥೆಯವರು ಇತಿಹಾಸಜ್ಞರೊಡಗೂಡಿ ಗ್ರೀಕ್ ಶಾಸನಗಳಿಗಾಗಿ ರಚಿಸಿ, ೨೦೨೨ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ‘ಇಥಾಕಾ’. ಲುಪ್ತಭಾಗವನ್ನು ಪೂರೈಸುವಲ್ಲಿ ಇತಿಹಾಸಜ್ಞರು ತಾವೇ ಯತ್ನಿಸಿದಾಗ ನೂರಕ್ಕೆ ೨೫, ಯಂತ್ರವೊಂದೇ ಯತ್ನಿಸಿದಾಗ ೬೨, ಇಬ್ಬರೂ ಕೂಡಿದಾಗ ೭೨ ಸರಿಯಾದುವೆಂದು ಅವರು ತೋರಿಸಿರುವರು. ಒಂದೇ ಪಾಠವನ್ನು ಹೇಳಿ ನಿಲ್ಲದೆ, ಸಂಭವನೀಯ ಪಾಠಗಳನ್ನು ತಾರತಮ್ಯದೊಡನೆ ಸಾಲಾಗಿ ಕೊಡುವುದು ಅದರ ಪ್ರಾಮಾಣಿಕತೆಗೆ ಸಾಕ್ಷಿ. ಇಷ್ಟನ್ನೂ ಒಪ್ಪಿಯೇ ನಾವು ಎರಡು ಆಕ್ಷೇಪಗಳನ್ನು ಎತ್ತುತ್ತೇವೆ.

ಮೊದಲನೆಯದು: ಆ ಪರೀಕ್ಷೆಯಲ್ಲಿ ಮರೆಮಾಡಿದ ಅಕ್ಷರಗಳು ತಿಳಿದಿದ್ದ ಅಕ್ಷರಗಳೇ. ತಿಳಿದುದನ್ನು ಮುಚ್ಚಿ ಕೇಳುವುದು ಬೇರೆ, ಕಲ್ಲು ತಾನಾಗಿ ಕಳೆದುಕೊಂಡದ್ದನ್ನು ಕೇಳುವುದು ಬೇರೆ. ಎರಡನೆಯದು, ಮತ್ತು ಹೆಚ್ಚು ಗುರುತರವಾದುದು: ಬಹುಪ್ರಯೋಗವೇ ಯಂತ್ರಕ್ಕೆ ಪ್ರಮಾಣ. ಪಾಠನಿರ್ಣಯದಲ್ಲಾದರೋ, ಸುಲಭಪಾಠಕ್ಕಿಂತ ಕಠಿನಪಾಠವೇ ಸಾಮಾನ್ಯವಾಗಿ ಗ್ರಾಹ್ಯ. ತಿಳಿಯದ ಪದವನ್ನು ತಿಳಿದ ಪದವಾಗಿ ತಿದ್ದುವುದು ಲಿಪಿಕಾರರ ಪುರಾತನ ದೋಷ. ನಮ್ಮ ಶಾಸನದಲ್ಲಿ ‘ಸಾ’ ಎಂಬುದರ ಮುಂದಿನ ಅಕ್ಷರಗಳು ಸವೆದಿದ್ದುವೆಂದು ಕಲ್ಪಿಸಿಕೊಳ್ಳೋಣ. ವಕಾರಕ್ಕೂ ಮಕಾರಕ್ಕೂ ಈಗಿನ ಲಿಪಿಯಲ್ಲಿ ಬಲಗಡೆಯ ಒಂದು ಕೊಂಬಿನಷ್ಟೇ ಅಂತರ. ಹಳೆಯ ಬರಹದಲ್ಲಿಯೂ ಅವು ಸಮೀಪಸ್ಥವೇ. ಶಾಸನಗಳಿಂದ ಕಲಿತ ಯಂತ್ರವಾದರೆ, ನೂರಾರು ಕಡೆ ಕಂಡ ‘ಸಾಮಂತ’ವನ್ನು ತುಂಬೀತು, ಈಚಿನ ಗ್ರಂಥಗಳಿಂದ ಕಲಿತುದಾದರೆ ‘ಸಾವನ’ವನ್ನು ತುಂಬೀತು. ಎರಡರಲ್ಲಿ ಯಾವುದಾದರೂ ‘ಸಾವಂದಿ’ ಹೋಗುವುದು. ಮೇಲೆ ನಾವು ಕಾಲಕ್ರಮದಿಂದ ಮಾಡಿದ ನಿರಾಕರಣಕ್ಕೆ ಇದ್ದ ಒಂದೇ ಲಿಖಿತಾಧಾರವೂ ಅದರೊಡನೆ ಹೋಗುವುದು. ಸ್ಥಳನಾಮಗಳೂ ವ್ಯಕ್ತಿನಾಮಗಳೂ ಒಂದೆರಡು ಸಲವೇ ಬರತಕ್ಕವು. ಚರಿತ್ರೆಯ ತಿರುಳೆಲ್ಲ ಅಡಗಿರುವುದು ಅವುಗಳಲ್ಲಿಯೇ.

‘ಪಂಡಿತರೂ ಊಹಿಸುವುದಿಲ್ಲವೇ?’ ಎಂದು ಕೇಳಬಹುದು. ಊಹಿಸುವರು, ನಮ್ಮ ಊಹೆಗಳೂ ಎಷ್ಟೋ ಸಲ ತಪ್ಪಿವೆ. ಆದರೆ ಪಂಡಿತನು ತನ್ನ ಊಹೆಗೆ ಹೇತುವನ್ನು ಹೇಳಬೇಕಾಗುವುದು, ಹೇತು ದುಷ್ಟವಾದರೆ ಇನ್ನೊಬ್ಬನು ಅದನ್ನು ಎತ್ತಿ ತೋರಿಸಬಲ್ಲನು. ಯಂತ್ರವು ಕೊಡುವುದು ಸಂಭಾವನೆಯ ಅಂಕೆಯನ್ನು, ಅದು ಹೇತುವಲ್ಲ. ಇನ್ನೂ ಒಂದು ಭಯವುಂಟು. ಇಂದು ಯಂತ್ರವು ತುಂಬಿದ ಅಕ್ಷರವು ಗುರುತಿಲ್ಲದೆ ಅಚ್ಚಾದರೆ, ನಾಳಿನ ಯಂತ್ರವು ಅದನ್ನೇ ಮೂಲವೆಂದು ಕಲಿಯುವುದು. ಅದರ ಬಲದಿಂದ ಮತ್ತೊಂದನ್ನು ತುಂಬುವುದು. ಇದು ಚಕ್ರಕದೋಷ. ಇದರಲ್ಲಿ ಸಿಕ್ಕಿದ ಪಾಠವನ್ನು ಮುಂದೆ ಯಾವ ವಿದ್ವಾಂಸನೂ ಬಿಡಿಸಲಾರನು.

ಆದುದರಿಂದ ನಮ್ಮ ಸೂಚನೆ ಇಷ್ಟೆ. ಸ್ಪಷ್ಟ, ಸಂದಿಗ್ಧ, ಲುಪ್ತವೆಂಬ ಮೂರು ಬಗೆಯ ಅಕ್ಷರಗಳಿಗೆ ಮುದ್ರಣದಲ್ಲಿ ಬೇರೆಬೇರೆ ಗುರುತುಗಳಿರಲಿ. ಯಂತ್ರಾನುಮಾನವು ಪಾಠದೊಳಕ್ಕೆ ಬರದೆ ಅಡಿಯಲ್ಲಿ, ಪಾಠಾಂತರಗಳ ಸಮೇತವಾಗಿ, ಯಾವ ಸಂಗ್ರಹದಿಂದ ಕಲಿತ ಯಂತ್ರವೆಂಬ ವಿವರಣೆಯೊಡನೆ ನಿಲ್ಲಲಿ. ಕಾಲೇಜುಗಳ ಕನ್ನಡ ಅಧ್ಯಾಪಕರು ವಿದ್ಯಾರ್ಥಿಗಳನ್ನು ವರ್ಷಕ್ಕೊಮ್ಮೆಯಾದರೂ ಕಲ್ಲಿನ ಮುಂದೆ ನಿಲ್ಲಿಸಿ ಓದಿಸಲಿ. ಯಂತ್ರದ ತಪ್ಪನ್ನು ಹಿಡಿಯಬಲ್ಲವರು ಅವರಲ್ಲಿಯೇ ಹುಟ್ಟಬೇಕು. ನಾವು ಪಾಠಶಾಲೆಯಲ್ಲಿ ಓಲೆಗ್ರಂಥಗಳನ್ನು ಪ್ರತಿಮಾಡುತ್ತಿದ್ದಾಗ, ಹುಳು ತಿಂದ ಜಾಗದಲ್ಲಿ ಅಷ್ಟೇ ಜಾಗವನ್ನು ಖಾಲಿ ಬಿಡುವಂತೆ ಗುರುಗಳು ಅಪ್ಪಣೆ ಮಾಡುತ್ತಿದ್ದರು. ಗಣಕಶಾಸ್ತ್ರದ ವಿದ್ವಾಂಸರಲ್ಲಿಯೂ ನಾವು ಕೇಳಿಕೊಳ್ಳುವುದು ಅದನ್ನೇ: ತುಂಬಲು ಕಲಿಸಿದಂತೆ, ಖಾಲಿ ಬಿಡುವುದನ್ನೂ ಯಂತ್ರಕ್ಕೆ ಕಲಿಸಬೇಕು.