ಮುಟ್ಟಿನ ಮಾತಿನಲ್ಲಿ ಮರೆತುಹೋದವರು: ಒಂದು ವಿಮರ್ಶೆ

ಮುಟ್ಟನ್ನು ಕುರಿತು ನಮ್ಮ ನಾಡಿನಲ್ಲಿ ಮೂರು ಬಗೆಯ ಮಾತುಗಳು ಬಳಕೆಯಲ್ಲಿವೆ. ಮನೆಯ ಆಚಾರದ ಮಾತು ಮೊದಲನೆಯದು. ಕುಟುಂಬ ಯೋಜನೆಯ ಕರಪತ್ರ ಕೈಪಿಡಿಗಳ ಮಾತು ಎರಡನೆಯದು. ಸರ್ಕಾರದ ಆಜ್ಞೆಗಳ ಮಾತು ಮೂರನೆಯದು. ಇವುಗಳೊಳಗೆ ಎಷ್ಟೇ ಭೇದವಿದ್ದರೂ, ಮುಟ್ಟಾಗುವವಳು ಹೆಣ್ಣು ಎಂಬಲ್ಲಿ ಮೂರೂ ಏಕಮತವಾಗಿವೆ. ಈ ಗ್ರಹಿಕೆ ಬಹುಮಟ್ಟಿಗೆ ನಿಜವಾದರೂ ಪೂರ್ಣವಾಗಿ ನಿಜವಲ್ಲ. ಹುಟ್ಟಿದಾಗ ಹೆಣ್ಣೆಂದು ಗುರುತಿಸಲ್ಪಟ್ಟು, ತಮ್ಮನ್ನು ಗಂಡಸೆಂದೇ ಅರಿತು ಬಾಳುವ ಟ್ರಾನ್ಸ್ ಪುರುಷರು ನಮ್ಮ ನಡುವೆ ಇದ್ದಾರೆ. ಎ. ರೇವತಿಯವರು ೨೦೧೬ರಲ್ಲಿ ಪ್ರಕಟಿಸಿದ ‘ಎ ಲೈಫ್ ಇನ್ ಟ್ರಾನ್ಸ್ ಆ್ಯಕ್ಟಿವಿಸಂ’ ಎಂಬ ಗ್ರಂಥದಲ್ಲಿ ಅಂಥ ಕೆಲವರ ಜೀವನಕಥನಗಳಿಗೆ ಎಡೆ ದೊರೆತಿದೆ. ಇವರಲ್ಲಿ ಅನೇಕರಿಗೆ ತಿಂಗಳ ಸ್ರಾವವೆಂಬುದು ಹೊಟ್ಟೆನೋವಿಗಿಂತ ದೊಡ್ಡ ಸಂಕಟ. ತಾನು ಯಾರೆಂಬ ಅರಿವಿಗೂ ತನ್ನ ದೇಹಕ್ಕೂ ಇರುವ ವಿರೋಧವನ್ನು ಅದು ಮತ್ತೆ ಮತ್ತೆ ಎತ್ತಿ ತೋರಿಸುತ್ತದೆ. ವೈದ್ಯರು ಇದನ್ನು ಜೆಂಡರ್ ಡಿಸ್ಫೋರಿಯಾ ಎಂದು ಕರೆಯುತ್ತಾರೆ. ಗರ್ಭನಿರೋಧಕ ಹಾರ್ಮೋನುಗಳಿಂದ ಸ್ರಾವವನ್ನು ತಡೆದು ಈ ಸಂಕಟವನ್ನು ತಗ್ಗಿಸಿಕೊಳ್ಳಲು ಸಾಧ್ಯವಿದೆ. ಆ ಸಾಧ್ಯತೆಯನ್ನು ಮೇಲೆ ಹೇಳಿದ ಮೂರು ಬಗೆಯ ಮಾತುಗಳು ಹೇಗೆ ಮರೆಮಾಡುತ್ತವೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಆಚಾರವನ್ನು ನೋಡೋಣ. ಮುಟ್ಟಾಗುವುದಕ್ಕೆ ಕನ್ನಡದಲ್ಲಿ ‘ಹೊರಗಾಗುವುದು’ ಎಂಬ ಮಾತಿದೆ. ಈ ಮಾತು ದೇಹದ ಸ್ಥಿತಿಯನ್ನು ಹೇಳದೆ ಮನೆಯೊಳಗಿನ ಸ್ಥಾನವನ್ನು ಹೇಳುತ್ತದೆ. ವೀರಶೈವ ಮತವು ಪಂಚಸೂತಕಗಳನ್ನು, ಅವುಗಳಲ್ಲಿ ಒಂದಾದ ರಜಸ್ಸೂತಕವನ್ನೂ, ಲಿಂಗಧಾರಿಗಳಿಗೆ ಸಲ್ಲದೆಂದು ತಳ್ಳಿಹಾಕಿತು. ಆದರೂ ಆ ಮತದ ಪ್ರಭಾವ ಬಲವಾಗಿರುವ ದಾವಣಗೆರೆಯ ಸೀಮೆಯಲ್ಲಿ ಮುಟ್ಟಾದವರು ದೇವರ ಕೋಣೆಯಿಂದ ದೂರವಿರುವ ವಾಡಿಕೆ ಹಲವು ಮನೆಗಳಲ್ಲಿ ಉಳಿದುಬಂದಿದೆ. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯೋ, ಶಾಮನೂರಿನ ಬಂಧುಗಳ ಮನೆಯ ಮದುವೆಯೋ ಗೊತ್ತಾಯಿತೆಂದರೆ, ಮುಟ್ಟು ಮುಂದೆ ಹೋಗುವ ಮಾತ್ರೆಯನ್ನು ಔಷಧದಂಗಡಿಯಿಂದ ತರಿಸುವುದು ಯಾರಿಗೂ ಆಶ್ಚರ್ಯದ ಸಂಗತಿಯಲ್ಲ. ತಾಯಂದಿರೇ ಹೆಣ್ಣುಮಕ್ಕಳಿಗೆ ಅದನ್ನು ಕೊಡಿಸುವುದುಂಟು. ಆ ಮಾತ್ರೆ ಸಾಮಾನ್ಯವಾಗಿ ನಾರ್‌ಎಥಿಸ್ಟೆರೋನ್, ಅದೂ ಹಾರ್ಮೋನೇ. ಹೀಗಿರಲು, ಹಾರ್ಮೋನಿನಿಂದ ಮುಟ್ಟನ್ನು ತಡೆಯುವುದು ಪ್ರಕೃತಿವಿರುದ್ಧವೆಂಬ ಆಕ್ಷೇಪಣೆ ನಮ್ಮ ಸಮಾಜದ ಬಾಯಲ್ಲಿ ಶೋಭಿಸುವುದಿಲ್ಲ. ದೇವರ ಮಡಿಗಾಗಿ ತಡೆಯಬಹುದು, ನೆಂಟರಿಷ್ಟರ ಅನುಕೂಲಕ್ಕಾಗಿ ತಡೆಯಬಹುದು. ಮುಟ್ಟಾಗುವವನ ಸ್ವಂತ ನೆಮ್ಮದಿಗಾಗಿ ಮಾತ್ರ ತಡೆಯಬಾರದು ಎಂದು ಹೇಳಿದಂತಾಗುತ್ತದೆ.

ಕುಟುಂಬ ಯೋಜನೆಯ ಸಾಹಿತ್ಯಕ್ಕೆ ನಮ್ಮಲ್ಲಿ ದೀರ್ಘವಾದ ಇತಿಹಾಸವಿದೆ. ೧೯೩೦ರಷ್ಟು ಹಿಂದೆಯೇ ಜನನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಮೈಸೂರು ಸಂಸ್ಥಾನದ ಸರ್ಕಾರ ಆಜ್ಞೆಮಾಡಿತು. ರಾಷ್ಟ್ರೀಯ ಕಾರ್ಯಕ್ರಮ ೧೯೫೨ರಲ್ಲಿ ಪ್ರಾರಂಭವಾಯಿತು. ಈ ಸಾಹಿತ್ಯದ ವಾಚಕಳು ಆರಂಭದಿಂದಲೂ ವಿವಾಹಿತ ಸ್ತ್ರೀ. ಅವಳ ಆತಂಕಗಳಿಗೆ ಸಮಾಧಾನ ಹೇಳುವುದೇ ಅದರ ಧಾಟಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವ ‘ಮಾಲಾ-ಎನ್’ ಮಾತ್ರೆಯ ಹಾಳೆಯನ್ನೇ ನೋಡಬಹುದು. ಅದರಲ್ಲಿ ೨೮ ಮಾತ್ರೆಗಳಿದ್ದು, ೨೧ರಲ್ಲಿ ಹಾರ್ಮೋನುಗಳಿವೆ. ಉಳಿದ ೭ ಕಬ್ಬಿಣಾಂಶದವು. ಆ ಏಳು ದಿನಗಳಲ್ಲಿ ಆಗುವ ಸ್ರಾವ ನಿಜವಾದ ಮುಟ್ಟಲ್ಲ. ಹಾರ್ಮೋನು ನಿಂತುದರ ಪರಿಣಾಮ. ಅಮೆರಿಕದಲ್ಲಿ ೧೯೬೦ರಲ್ಲಿ ಗರ್ಭನಿರೋಧಕ ಮಾತ್ರೆಗೆ ಅನುಮತಿ ದೊರೆತಾಗ, ಸಹಜ ಋತುಚಕ್ರವನ್ನು ಹೋಲಲೆಂದೇ ಇಂಥ ಬಿಡುವನ್ನು ಇರಿಸಲಾಗಿತ್ತು. ಈ ಬಿಡುವಿನಿಂದ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲವೆಂದು ಬ್ರಿಟನ್ನಿನ ತಜ್ಞವೈದ್ಯರ ಸಂಸ್ಥೆಯೊಂದು ೨೦೧೯ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಿದೆ.

೨೦೧೭ರಲ್ಲಿ ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿದ ‘ಅಂತರಾ’ ಚುಚ್ಚುಮದ್ದಿನ ವಿಷಯ ಇನ್ನೂ ವಿಚಾರಾರ್ಹವಾದುದು. ಮೂರು ತಿಂಗಳಿಗೊಮ್ಮೆ ಕೊಡುವ ಈ ಮದ್ದಿನಿಂದ, ವರ್ಷ ಕಳೆಯುವ ವೇಳೆಗೆ ಬಳಕೆದಾರರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮುಟ್ಟು ನಿಲ್ಲುತ್ತದೆ. ಕೈಪಿಡಿಗಳು ಇದನ್ನು ‘ಅಡ್ಡಪರಿಣಾಮ’ಗಳ ಪಟ್ಟಿಯಲ್ಲಿರಿಸಿ, ಹೆದರಬೇಕಾದುದಿಲ್ಲವೆಂದು ಧೈರ್ಯ ಹೇಳುತ್ತವೆ. ಗರ್ಭ ನಿಂತಿತೆಂದು ಗಾಬರಿಯಾಗಿ ಮಹಿಳೆಯರು ಚಿಕಿತ್ಸೆಯನ್ನು ಬಿಡದಿರಲೆಂಬ ಈ ಉದ್ದೇಶ ನ್ಯಾಯವಾದುದೇ. ಆದರೆ ಟ್ರಾನ್ಸ್ ಪುರುಷನಿಗೆ ಆ ಅಡ್ಡಪರಿಣಾಮವೇ ಮುಖ್ಯ ಪ್ರಯೋಜನ. ಒಬ್ಬರು ಸಹಿಸಿಕೊಳ್ಳಬೇಕಾದುದನ್ನು ಇನ್ನೊಬ್ಬರು ಬಯಸಿ ಬರಬಹುದೆಂಬ ಯೋಚನೆ ಈ ಸಾಹಿತ್ಯಕ್ಕೆ ಹೊಳೆದೇ ಇಲ್ಲ.

ಹೊಳೆಯದೆ ಹೋದುದರ ಫಲ ಕೇವಲ ಮಾತಿನ ಕೊರತೆಯಲ್ಲ. ಯಾವ ಮದ್ದಿನ ಗುಣದೋಷಗಳೇನು ಎಂಬ ಅವಶ್ಯಕ ತಿಳಿವಳಿಕೆಯೇ ಟ್ರಾನ್ಸ್ ಪುರುಷನಿಗೆ ತಲಪುವುದಿಲ್ಲ. ಅಂತರಾ ಚುಚ್ಚುಮದ್ದಿನ ಮೊದಲ ತಿಂಗಳುಗಳಲ್ಲಿ ಹೊತ್ತುಗೊತ್ತಿಲ್ಲದ ಸ್ರಾವವಾಗಬಹುದು. ಇದರಿಂದ ಸಂಕಟ ತಗ್ಗುವ ಬದಲು ತಾತ್ಕಾಲಿಕವಾಗಿ ಹೆಚ್ಚುವುದೂ ಉಂಟು. ಬಳಸುತ್ತಿರುವಷ್ಟು ಕಾಲ ಮೂಳೆಯ ಸಾಂದ್ರತೆ ಕುಗ್ಗುತ್ತದೆ. ಒಮ್ಮೆ ಚುಚ್ಚಿದುದನ್ನು ಹಿಂದೆಗೆಯುವಂತಿಲ್ಲ. ಮಾಲಾದಂಥ ಮಾತ್ರೆಯನ್ನು ವೈದ್ಯರ ಸಲಹೆಯಂತೆ ಬಿಡುವಿಲ್ಲದೆ ನುಂಗಿ ಸ್ರಾವವನ್ನು ತಡೆಯಬಹುದಾದರೂ, ಅದರಲ್ಲಿ ಈಸ್ಟ್ರೋಜನ್ ಇರುವುದರಿಂದ ಕೆಲವರ ಮನಸ್ಸು ಒಪ್ಪದು. ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯುಳ್ಳವರಿಗೆ ಅದು ಅಪಾಯಕರವೂ ಹೌದು. ಹಾರ್ಮೋನುಳ್ಳ ವಂಕಿ ವರ್ಷಗಟ್ಟಲೆ ಸ್ರಾವವನ್ನು ತಗ್ಗಿಸುತ್ತದೆ. ಆದರೆ ಅದನ್ನು ಅಳವಡಿಸುವಾಗಿನ ಪರೀಕ್ಷೆಯೇ ಹಲವರಿಗೆ ಅಸಹನೀಯ. ಟೆಸ್ಟೋಸ್ಟೆರಾನ್ ಚಿಕಿತ್ಸೆಯಿಂದ ಬಹುಮಂದಿಗೆ ಕೆಲವು ತಿಂಗಳುಗಳಲ್ಲಿ ಮುಟ್ಟು ನಿಲ್ಲುತ್ತದೆ. ಹಾಗೆಂದು ಅದು ಗರ್ಭನಿರೋಧಕವಲ್ಲ. ಜಾತ್ರೆಯ ಮಾತ್ರೆಯಂತೂ ಸಲಹೆಯಿಲ್ಲದೆ ತಿಂಗಳುಗಟ್ಟಲೆ ನುಂಗತಕ್ಕದ್ದಲ್ಲ. ಮುಟ್ಟನ್ನು ಮುಂದೂಡುವುದೆಂದು ಅದನ್ನು ಗರ್ಭನಿರೋಧಕವೆಂದೂ ನಂಬಲಾಗದು. ಹೆರಿಗೆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲಾರದೆ ಅಂಗಡಿಯ ಮಾತ್ರೆಯನ್ನೇ ನೆಚ್ಚಿದ ತರುಣನಿಗೆ ಈ ಸಂಗತಿಗಳನ್ನು ಹೇಳುವವರು ಯಾರು?

ಇನ್ನು ಸರ್ಕಾರದ ಮಾತು. ಸರ್ವೋಚ್ಚ ನ್ಯಾಯಾಲಯವು ೨೦೧೪ರ ಏಪ್ರಿಲ್ ೧೫ರ ತೀರ್ಪಿನಲ್ಲಿ, ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ೨೦೧೭ರಲ್ಲಿ ಕರ್ನಾಟಕ ಸರ್ಕಾರ ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ನೀತಿಯೊಂದನ್ನು ಅಂಗೀಕರಿಸಿತು. ೨೦೨೫ರ ಅಕ್ಟೋಬರಿನಲ್ಲಿ ಅದೇ ರಾಜ್ಯದ ಸಚಿವ ಸಂಪುಟ, ತಿಂಗಳಿಗೆ ಒಂದರಂತೆ ವರ್ಷಕ್ಕೆ ೧೨ ದಿನಗಳ ವೇತನಸಹಿತ ಋತುಚಕ್ರ ರಜೆಯನ್ನು ಒಪ್ಪಿತು. ಇದು ಪ್ರಶಂಸನೀಯವಾದ ಹೆಜ್ಜೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ರಜೆಯನ್ನು ಕೊಟ್ಟುದು ‘ಮಹಿಳಾ ನೌಕರರಿಗೆ’. ಜೊಮ್ಯಾಟೊ ಎಂಬ ಖಾಸಗಿ ಕಂಪನಿ ೨೦೨೦ರಲ್ಲಿ ಇಂಥ ರಜೆ ಕೊಟ್ಟಾಗ ಟ್ರಾನ್ಸ್ ವ್ಯಕ್ತಿಗಳನ್ನೂ ಹೆಸರಿಸಿತ್ತು. ದಾಖಲೆಯಲ್ಲಿ ಪುರುಷನೆಂದು ಬರೆಸಿಕೊಂಡ ನೌಕರನ ಮುಟ್ಟು ಸರ್ಕಾರದ ಭಾಷೆಯಲ್ಲಿ ಇಲ್ಲವೇ ಇಲ್ಲ. ಹೆಸರಿಸಿದರೂ ತೊಡಕು ತೀರದು. ರಜೆ ಬೇಡಿದೊಡನೆ ಆತನ ಗುಟ್ಟು ಕಚೇರಿಗೆಲ್ಲ ತಿಳಿಯುತ್ತದೆ. ಕನ್ನಡದ ವ್ಯಾಕರಣ ಇಲ್ಲಿ ಸ್ಮರಣೀಯ. ‘ಮುಟ್ಟಾಗಿದ್ದೇನೆ’ ಎಂಬ ಉತ್ತಮಪುರುಷದ ಕ್ರಿಯಾಪದಕ್ಕೆ ಲಿಂಗಭೇದವಿಲ್ಲ. ಪರರು ಆಡುವ ‘ಮುಟ್ಟಾಗಿದ್ದಾಳೆ’ ಎಂಬುದರಲ್ಲಿ ಮಾತ್ರ ಅದು ಬರುತ್ತದೆ. ಸ್ವಂತ ಮಾತಿಗೆ ಭಾಷೆಯೇ ಕೊಟ್ಟಿರುವ ಈ ಸ್ವಾತಂತ್ರ್ಯವನ್ನು ನಮೂನೆಗಳು ಕಸಿದುಕೊಳ್ಳುತ್ತವೆ.

ಇಂಥವರು ನಮ್ಮ ಪರಂಪರೆಯಲ್ಲಿ ಇರಲಿಲ್ಲವೆಂಬ ವಾದಕ್ಕೆ ಇತಿಹಾಸದ ವಿದ್ಯಾರ್ಥಿಗಳು ಎಚ್ಚರದಿಂದ ಉತ್ತರಿಸಬೇಕು. ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆಂಬ ವಚನಕಾರರ ನಿಲುವನ್ನು ಸಾಕ್ಷ್ಯವಾಗಿ ತರುವವರಿದ್ದಾರೆ. ಅದು ಆತ್ಮವಿಚಾರ, ಅದರಿಂದ ಹನ್ನೆರಡನೆಯ ಶತಮಾನದ ಟ್ರಾನ್ಸ್ ಪುರುಷರನ್ನು ಸಿದ್ಧಪಡಿಸಲಾಗದು. ಹರಿಹರದಲ್ಲಿ ೧೨೨೪ರಲ್ಲಿ ಪೋಲಾಳ್ವ ದಂಡನಾಯಕನು ಕಟ್ಟಿಸಿದ ದೇವಾಲಯದ ಮೂರ್ತಿಯಲ್ಲಿ ಒಂದಾದವರು ಹರಿ ಮತ್ತು ಹರ. ಅದೂ ಇಲ್ಲಿ ಪ್ರಮಾಣವಲ್ಲ. ಗಂಡಾಗಿ ಹುಟ್ಟಿ ಎಲ್ಲಮ್ಮನ ಸೇವೆಗೆ ನಿಂತು ಸೀರೆಯುಟ್ಟ ಜೋಗಪ್ಪಗಳಿಗೆ ಹೆಸರಿದೆ, ನೆಲೆಯಿದೆ. ಆ ಪರಂಪರೆಯ ಮಂಜಮ್ಮ ಜೋಗತಿಯವರಿಗೆ ೨೦೨೧ರ ಪದ್ಮಶ್ರೀಯೂ ಸಂದಿದೆ. ಎದುರು ದಿಕ್ಕಿನಲ್ಲಿ ನಡೆದವರಿಗೆ ಅಂಥ ನೆಲೆ ಏರ್ಪಡಲಿಲ್ಲ. ಹೆಣ್ಣೆಂದು ಎಣಿಸಿದವರನ್ನು ಮನೆಯೊಳಗೇ ಇರಿಸಿಕೊಂಡ ಸಮಾಜದಲ್ಲಿ ಅವರ ಬಾಳು ದಾಖಲೆಗೆ ಬರುವ ದಾರಿಯೇ ಇರಲಿಲ್ಲ. ದಾಖಲೆಯ ಮೌನವನ್ನು ವ್ಯಕ್ತಿಗಳ ಅಭಾವವೆಂದು ಓದುವುದು ನಮ್ಮ ಶಾಸ್ತ್ರಕ್ಕೆ ಒಪ್ಪುವ ಕ್ರಮವಲ್ಲ.

ಎಲ್ಲ ಟ್ರಾನ್ಸ್ ಪುರುಷರಿಗೂ ಮುಟ್ಟು ಸಂಕಟಕರವೆಂದಾಗಲಿ, ಎಲ್ಲರೂ ಹಾರ್ಮೋನು ತೆಗೆದುಕೊಳ್ಳಬೇಕೆಂದಾಗಲಿ ನಮ್ಮ ವಾದವಲ್ಲ. ಬೇಕಾದವರಿಗೆ ಅದು ತಿಳಿವಳಿಕೆಯೊಡನೆ, ಮರ್ಯಾದೆಯೊಡನೆ ದೊರೆಯಬೇಕೆಂಬುದಷ್ಟೇ ನಮ್ಮ ಅಭಿಪ್ರಾಯ. ಇದಕ್ಕೆ ಹೊಸ ಔಷಧ ಬೇಡ. ಇರುವ ಕೈಪಿಡಿಗಳಿಗೆ, ಮುಟ್ಟು ನಿಲ್ಲುವುದನ್ನೇ ಬಯಸಿ ಬರುವವರೂ ಉಂಟು, ಅವರಲ್ಲಿ ಗಂಡಸರೂ ಇರಬಹುದು ಎಂಬ ಒಂದು ವಾಕ್ಯ ಸೇರಿದರೆ ಕೆಲಸ ಆರಂಭವಾಗುತ್ತದೆ. ವೈದ್ಯಕೀಯ ವಿದ್ಯಾಲಯಗಳುಳ್ಳ ದಾವಣಗೆರೆಯಂಥ ಊರಿನಲ್ಲಿ ಆ ವಾಕ್ಯವನ್ನು ಬರೆಯಬಲ್ಲವರೂ ಕಲಿಸಬಲ್ಲವರೂ ಇದ್ದಾರೆ. ಕಾಲೇಜಿನ ಅಧ್ಯಾಪಕರು, ತಮ್ಮ ತರಗತಿಯಲ್ಲಿಯೇ ಅಂಥ ವಿದ್ಯಾರ್ಥಿಯೊಬ್ಬನು ಕುಳಿತಿರಬಹುದೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಮಾತನಾಡುವುದು ಉಚಿತ.